ಹೊಣೆಯಿಲ್ಲದ ಸಂಬಂಧ, ಹೊಣೆಯುಳ್ಳ ನಿಕಾಹ್

ಶಾಲೆಯ ದಾಖಲಾತಿ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಒಂದು ಸಾಲಿರುತ್ತದೆ. ನಿಮ್ಮ ಮಗುವಿನ ಅರ್ಜಿ ತುಂಬುವಾಗ ಆ ಸಾಲು ನಿಮ್ಮನ್ನು ತಡೆದಿರಲಾರದು. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಭಾಗದ ಹಳ್ಳಿಗಳಲ್ಲಿ ಆ ಸಾಲಿನ ಮುಂದೆ ತಲೆ ತಗ್ಗಿಸಿ ನಿಂತ ತಾಯಂದಿರಿದ್ದಾರೆ. ತಂದೆ ಯಾರೆಂದು ಊರಿಗೇ ಗೊತ್ತಿದ್ದರೂ ಅದನ್ನು ಬರೆಯುವ ಧೈರ್ಯ ಅವರಿಗಿರಲಿಲ್ಲ.

ಇವರು ‘ಮುತ್ತು ಕಟ್ಟಿಸಿಕೊಂಡ’ ದೇವದಾಸಿ ಮಹಿಳೆಯರು. ಹೆಚ್ಚಿನವರು ಬಡ ದಲಿತ ಕುಟುಂಬಗಳವರು. ಗಂಡುಮಕ್ಕಳಿಲ್ಲದ ಮನೆಯಲ್ಲಿ ವೃದ್ಧ ತಂದೆ-ತಾಯಿಯರನ್ನು ನೋಡಿಕೊಳ್ಳಲೆಂದು ಮಗಳನ್ನು ದೇವರ ಹೆಸರಿಗೆ ಬಿಡುವುದೂ ಇತ್ತು. ಅವಳಿಗೆ ಮದುವೆಯಿಲ್ಲ. ಹೆಂಡತಿ ಮಕ್ಕಳಿರುವ ಒಬ್ಬ ಪುರುಷನು ವರ್ಷಗಟ್ಟಲೆ ಅವಳ ಮನೆಗೆ ಬಂದು ಹೋಗುತ್ತಾನೆ. ಮಕ್ಕಳಾಗುತ್ತವೆ. ಒಂದು ದಿನ ಅವನು ಬರುವುದನ್ನು ನಿಲ್ಲಿಸಿದರೆ ಕೇಳುವವರಿಲ್ಲ. ಸಂಬಂಧ ದೀರ್ಘವಾಗಿತ್ತು ನಿಜ. ಆದರೆ ಅದರ ಭಾರವನ್ನೆಲ್ಲ ಹೊತ್ತವಳು ಹೆಣ್ಣು ಮಾತ್ರ.

ಕಾನೂನು ಸುಮ್ಮನಿರಲಿಲ್ಲ. 1953ರವರೆಗೆ ಬಳ್ಳಾರಿ ಸೀಮೆ ಮದರಾಸು ಪ್ರಾಂತ್ಯದಲ್ಲಿದ್ದುದರಿಂದ 1947ರ ಮದರಾಸು ನಿಷೇಧ ಕಾನೂನು ಇಲ್ಲಿಗೂ ಅನ್ವಯಿಸಿತ್ತು. 1982ರಲ್ಲಿ ಕರ್ನಾಟಕವು ತನ್ನದೇ ಕಾನೂನು ರಚಿಸಿತು. ಆದರೂ 1993-94ರ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ದೇವದಾಸಿಯರನ್ನು ಗುರುತಿಸಲಾಯಿತು. 2007-08ರ ಸಮೀಕ್ಷೆಯ ಬಳಿಕ ಈ ಸಂಖ್ಯೆ 46,660ಕ್ಕೇರಿತು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾನೂನು ‘ಮದುವೆಯಂತಹ ಸಂಬಂಧ’ದಲ್ಲಿರುವ ಹೆಣ್ಣಿಗೂ ರಕ್ಷಣೆ ಕೊಟ್ಟಿತು. ಆದರೆ ಅಂತಹ ಸಂಬಂಧಕ್ಕೆ ಇಬ್ಬರೂ ಮದುವೆಯಾಗಲು ಅರ್ಹರಾಗಿರಬೇಕು, ಸಮಾಜದ ಮುಂದೆ ದಂಪತಿಗಳಂತೆ ಬಾಳಿರಬೇಕು ಎಂದು ಸುಪ್ರೀಮ್ ಕೋರ್ಟು 2010ರಲ್ಲಿ ಹೇಳಿತು. ಗುಟ್ಟಾಗಿ ಬಂದು ಹೋಗುವವನ ಸಂಬಂಧ ಈ ಅಳತೆಗೆ ನಿಲ್ಲುವುದು ಕಷ್ಟ. 2025ರಲ್ಲಿ ವಿಧಾನಸಭೆ ಅಂಗೀಕರಿಸಿದ ಮಸೂದೆಯು ಈ ಮಕ್ಕಳಿಗೆ ತಂದೆಯನ್ನು ಗುರುತಿಸುವ, ಆಸ್ತಿಯಲ್ಲಿ ಪಾಲು ಕೇಳುವ ಹಕ್ಕನ್ನು ನೀಡುವ ಅಂಶಗಳನ್ನು ಒಳಗೊಂಡಿತ್ತು.

ದೃಢವಾದ ಕರಾರು

ಪವಿತ್ರ ಕುರ್‌ಆನ್ ದಾಂಪತ್ಯವನ್ನು ದೃಢವಾದ ಕರಾರೆಂದು ಕರೆದಿದೆ (4:21). ಗುಪ್ತ ಸಂಗಾತಿಗಳನ್ನು ಇಟ್ಟುಕೊಳ್ಳುವುದನ್ನು ನಿಷೇಧಿಸಿದೆ (5:5). ಮಹ್ರನ್ನು ಸಂತೋಷದಿಂದ ಕೊಡಲು ಆಜ್ಞಾಪಿಸಿದೆ (4:4). ಹಾಲೂಡಿಸುವ ತಾಯಿಯ ಅನ್ನ ಬಟ್ಟೆಯ ಹೊಣೆಯನ್ನು ಮಗುವಿನ ತಂದೆಯ ಮೇಲೆ ಹೊರಿಸಿದೆ (2:233). ನಿಕಾಹ್‌ಗೆ ಸಾಕ್ಷಿಗಳು ಬೇಕು. ಅದನ್ನು ಪ್ರಕಟಪಡಿಸಬೇಕೆಂದು ಪ್ರವಾದಿವರ್ಯರು(ಸ) ಬೋಧಿಸಿದರು. ವಲೀಮಾದ ಊಟವೂ ಒಂದು ಸಾಕ್ಷ್ಯವೇ: ಈ ಪುರುಷನು ಇವಳ ಹೊಣೆ ಹೊತ್ತಿದ್ದಾನೆಂದು ಊರಿಗೆ ತಿಳಿಯುತ್ತದೆ. ಹೊಣೆ ಹೊರಲು ಮನಸ್ಸಿಲ್ಲದವನೇ ಗುಟ್ಟನ್ನು ಬಯಸುತ್ತಾನೆ.

ನಾವು ಹೇಗಿದ್ದೇವೆ?

ಇಷ್ಟನ್ನು ಓದಿ ‘ಇದು ನಮ್ಮ ಮನೆಯ ಮಾತಲ್ಲ’ ಎಂದು ಪುಟ ಮಗುಚಬೇಡಿ. ಆ ಮನೆಗಳಿಗೆ ಹೋಗುವವರಲ್ಲಿ ನಮ್ಮವರೊಬ್ಬರೂ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ? ನಿಕಾಹ್ ದಫ್ತರಿನಲ್ಲಿ ಬರೆದ ಮಹ್ರ್ ಎಷ್ಟು ಮನೆಗಳಲ್ಲಿ ಸಂದಾಯವಾಗಿದೆ? ಮಹ್ರ್ ಕೊಡಬೇಕಾದವನೇ ಜೋಡಿನ ಹಣ, ಬೈಕು ಕೇಳುವುದಿಲ್ಲವೇ? ಹೆಂಡತಿಯನ್ನು ತವರಿಗಟ್ಟಿ, ಖರ್ಚಿಗೂ ಕಳಿಸದೆ, ತಲಾಖೂ ಕೊಡದೆ ವರ್ಷಗಟ್ಟಲೆ ಕಾಯಿಸುವವರಿಲ್ಲವೇ? ಸಾಕ್ಷಿಗಳ ಮುಂದೆ ‘ಕಬೂಲ್’ ಎಂದವನು ಹೀಗೆ ನಡೆದರೆ, ಗುಟ್ಟಾಗಿ ಬಂದು ಹೋಗುವವನಿಗೂ ಇವನಿಗೂ ಇರುವ ಅಂತರವೆಷ್ಟು?

ಆದುದರಿಂದ ಈ ತಿಂಗಳು ಮೂರು ಕೆಲಸ ಮಾಡೋಣ. ಒಂದು, ಮಹ್ರ್ ಬಾಕಿಯಿದ್ದರೆ ಕೊಡಲು ಇಂದೇ ಆರಂಭಿಸಿರಿ. ಅದು ಸಾಲ, ಮರಣಶಯ್ಯೆಯಲ್ಲಿ ಮಾಫಿ ಕೇಳುವ ವಸ್ತುವಲ್ಲ. ಎರಡು, ಜಮಾಅತ್‌ನ ದಫ್ತರಿನ ಜೊತೆಗೆ ಸರಕಾರಿ ಕಚೇರಿಯಲ್ಲೂ ಮದುವೆಯನ್ನು ನೋಂದಾಯಿಸಿರಿ. ಕಷ್ಟಕಾಲದಲ್ಲಿ ನಿಮ್ಮ ಮಗಳ ಕೈಯಲ್ಲಿ ಉಳಿಯುವುದು ಆ ಕಾಗದವೇ. ಮೂರು, ನಿಮ್ಮ ಓಣಿಯ ದೇವದಾಸಿ ತಾಯಿಯ ಮಗುವನ್ನು ನಿಮ್ಮ ಮಕ್ಕಳು ಹೀಯಾಳಿಸದಂತೆ ತಿದ್ದಿರಿ. ಒಬ್ಬರ ಭಾರವನ್ನು ಇನ್ನೊಬ್ಬರು ಹೊರಲಾರರೆಂಬುದು ಅಲ್ಲಾಹನ ನಿಯಮ (6:164). ಆ ಮಗು ಯಾವ ತಪ್ಪನ್ನೂ ಮಾಡಿಲ್ಲ. ಅದು ನಿಮ್ಮ ನೆರೆಮನೆಯ ಮಗು. ನೆರೆಯವರ ಹಕ್ಕಿನ ಬಗ್ಗೆ ನಾಳೆ ನಮ್ಮನ್ನೂ ಪ್ರಶ್ನಿಸಲಾಗುವುದು.