ಇನ್ಸುಲಿನ್ ಪೆನ್ನಿನ ಒಳಗಿನ ಲೆಕ್ಕ

ಅಪ್ಪ ಊರಿಂದ ಸನ್ನಿವೇಲ್‌ಗೆ ಬಂದಿದ್ದಾಗ ಒಂದು ಬೆಳಿಗ್ಗೆ ಪೆನ್ನಿನ ಗುಂಡಿ ಒತ್ತಕ್ಕಾಗ್ತಿಲ್ಲ ಅಂತ, ಅದರ ರಬ್ಬರಿಗೇ ಸಿರಿಂಜ್ ಚುಚ್ಚಿ ಔಷಧಿ ಎಳೆಯಲು ಹೊರಟಿದ್ದರು. ಕೈ ಹಿಡಿದು ನಿಲ್ಲಿಸಿದೆ. ಸಿರಿಂಜ್ ಊರಿಂದ ತಂದದ್ದು, ಕೆಂಪು ಮುಚ್ಚಳದ ಯು-40. ಪೆನ್ನಿನ ಔಷಧಿ ಯು-100, ಅಂದರೆ ಒಂದು ಎಂ.ಎಲ್.ಗೆ 100 ಯೂನಿಟ್. ಆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್! ಸಕ್ಕರೆ ಕುಸಿದು ಪ್ರಾಣಕ್ಕೇ ಕುತ್ತು.

ಪೆನ್ನಿನಲ್ಲಿ ಅಳತೆ ಮಾಡುವುದು ಕಣ್ಣಲ್ಲ, ತಿರುಪು. ಹಿಂದಿನ ಗುಂಡಿ ತಿರುಗಿಸಿದರೆ ಅಂಕಿ ಬರೆದ ಕೊಳವೆ ಸ್ಕ್ರೂ ಹಾಗೆ ಹೊರಗೆ ಬರುತ್ತೆ. ಸಾಮಾನ್ಯವಾಗಿ ಒಂದು ‘ಟಿಕ್’ ಅಂದರೆ ಒಂದು ಯೂನಿಟ್. ಜಾಸ್ತಿಯಾದರೆ ಹಿಂದಕ್ಕೆ ತಿರುಗಿಸಿ, ಔಷಧಿ ಪೋಲಾಗಲ್ಲ. ಒತ್ತಿದಾಗ ಮಾತ್ರ ಒಳಗಿನ ಸರಳು ರಬ್ಬರ್ ಬಿರಡೆಯನ್ನು ಮುಂದಕ್ಕೆ ತಳ್ಳುತ್ತದೆ. ಯೂನಿಟ್‌ಗೆ ಅದು ಸರಿಯುವುದು ಮಿಲಿಮೀಟರಿನ ಸುಮಾರು ಏಳನೇ ಒಂದು ಪಾಲು. ಇಷ್ಟು ಸಣ್ಣ ಲೆಕ್ಕವನ್ನು ಒಂದು ಗಾಳಿ ಗುಳ್ಳೆ ಕೆಡಿಸುತ್ತೆ. ಅದಕ್ಕೇ ಪ್ರತಿ ಸಲ ಮೊದಲು 2 ಯೂನಿಟ್ ಹೊರಗೆ ಬಿಟ್ಟು ಸೂಜಿ ತುದಿಯಲ್ಲಿ ಹನಿ ನೋಡಬೇಕು.

ಅಕೌಂಟೆಂಟ್ ಆದ ನನಗೆ ಇದು ಮೊದಲು ನಷ್ಟ ಅನಿಸಿತ್ತು. ಅಲ್ಲ, ಖರ್ಚಿನ ಬಾಬ್ತು. 3 ಎಂ.ಎಲ್. ಪೆನ್ನಿನಲ್ಲಿ 300 ಯೂನಿಟ್. ದಿನಕ್ಕೊಮ್ಮೆ 20 ತಗೊಳ್ಳುವವರು 22 ಅಂತ ಹಿಡಿಯಿರಿ, 13 ದಿನ ಬರುತ್ತೆ. ಇನ್ಶೂರೆನ್ಸ್ ಇಲ್ಲದವರು ಫಾರ್ಮಸಿಯಲ್ಲಿ ‘ಕ್ಯಾಲ್‌ಆರ್‌ಎಕ್ಸ್’ ಗ್ಲಾರ್ಜಿನ್ ಕೇಳಿ: 2026ರ ಜನವರಿಯಿಂದ ಐದು ಪೆನ್ನಿಗೆ 55 ಡಾಲರ್. ಡಾಕ್ಟರ ಚೀಟಿ ಬೇಕು.

ಚುಚ್ಚಿದ ಮೇಲೆ ಗುಂಡಿ ಒತ್ತಿ ಹಿಡಿದೇ 10 ಎಣಿಸಿ. ಗುಂಡಿ ಬಿಗಿಯಾಗಿದ್ದರೆ ಹೆಚ್ಚಾಗಿ ಹಳೇ ಸೂಜಿ ಕಟ್ಟಿಕೊಂಡಿರುತ್ತೆ. ಅಪ್ಪನದ್ದೂ ಅದೇ, ಹೊಸ ಸೂಜಿ ಹಾಕಿದೆ, ಸಲೀಸಾಗಿ ಹೋಯಿತು.