ಹದಿನೈದಕ್ಕೇ ತಡವಾಯಿತೇ?

ಮಕ್ಕಳೇ, 2024ರ ಡಿಸೆಂಬರ್‌ನಲ್ಲಿ ಗುಕೇಶ್ ಹದಿನೆಂಟನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಮೇಲೆ ನಿಮ್ಮಲ್ಲಿ ಅನೇಕರು ಚದುರಂಗದ ಮಣೆ ಮುಂದೆ ಕೂತಿದ್ದೀರಿ. ಸಂತೋಷ. ಆದರೆ ನಮ್ಮ ಮೈಸೂರಿನ ಜಯಲಕ್ಷ್ಮಿಪುರಂನ ಮಕ್ಕಳ ಬಾಯಲ್ಲಿ ಇನ್ನೊಂದು ಮಾತೂ ಕೇಳುತ್ತಿದ್ದೇನೆ: ‘ಅವರು ಹನ್ನೆರಡಕ್ಕೇ ಗ್ರ್ಯಾಂಡ್‌ಮಾಸ್ಟರ್ ಆಗಿದ್ದರು, ನನಗಾಗಲೇ ಹದಿನೈದು. ಇನ್ನೇನು ಬಿಡಿ ತಾತ.’ ಇದನ್ನು ಕೇಳಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮೂರಿನವರೇ ಆದ ಎಂ.ಎಸ್. ತೇಜ್‌ಕುಮಾರ್ ಅವರನ್ನು ನೋಡಿ. ರೈಲ್ವೆ ನೌಕರಿಯ ಜೊತೆಗೇ ಆಡಿಕೊಂಡು ಬಂದವರು. ಗ್ರ್ಯಾಂಡ್‌ಮಾಸ್ಟರ್ ಆಗಲು ಟೂರ್ನಿಗಳಲ್ಲಿ ಆ ಮಟ್ಟದ ಆಟ ತೋರಿ ಮೂರು ನಾರ್ಮ್ ಗಳಿಸಿದರೆ ಸಾಲದು, ರೇಟಿಂಗ್ 2500 ಮುಟ್ಟಲೇಬೇಕು. ಒಂದು ಟೂರ್ನಿಯಲ್ಲಿ ಏರಿದ್ದು ಮುಂದಿನದರಲ್ಲಿ ಇಳಿದುಹೋಗುತ್ತದೆ. ಎಷ್ಟೋ ಒಳ್ಳೆಯ ಆಟಗಾರರು ಆ ಕೊನೆಯ ಮೆಟ್ಟಿಲಲ್ಲೇ ದಣಿದು ನಿಂತಿದ್ದಾರೆ. ಇವರು ನಿಲ್ಲಲಿಲ್ಲ. 2017ರಲ್ಲಿ, ಮೂವತ್ತು ದಾಟಿದ ಮೇಲೆ, ದೇಶದ 50ನೇ ಗ್ರ್ಯಾಂಡ್‌ಮಾಸ್ಟರ್ ಆದರು. ಕರ್ನಾಟಕಕ್ಕೆ ಅವರೇ ಮೊದಲಿಗರು. 1988ರಲ್ಲಿ ವಿಶ್ವನಾಥನ್ ಆನಂದ್ ದೇಶಕ್ಕೆ ಆ ಬಿರುದು ತಂದಿದ್ದರು. ನಮ್ಮ ನಾಡು ಅದಕ್ಕಾಗಿ ಇನ್ನೂ ಇಪ್ಪತ್ತೊಂಬತ್ತು ವರ್ಷ ಕಾಯಬೇಕಾಯಿತು. ಆಮೇಲೆ ಮೈಸೂರಿನ ಹುಡುಗ ಗಿರೀಶ್ ಕೌಶಿಕ್ ಕೂಡ ಅದೇ ಬಿರುದು ಪಡೆದರು.

ನೀವೋ, ಫೋನಿನಲ್ಲಿ ಒಂದು ನಿಮಿಷದ ಆಟ ಆಡುತ್ತೀರಿ. ಸೋತ ತಕ್ಷಣ ಇನ್ನೊಂದು, ಅದೂ ಸೋತರೆ ಮತ್ತೊಂದು. ಎಲ್ಲಿ ತಪ್ಪಿದೆ ಎಂದು ಹಿಂತಿರುಗಿ ನೋಡುವುದಿಲ್ಲ. ಬೆರಳು ಚುರುಕಾಗುತ್ತಿದೆ, ಆದರೆ ಕೂತು ಯೋಚಿಸುವ ಅಭ್ಯಾಸ ತಪ್ಪಿಹೋಗುತ್ತಿದೆ. ನನಗೆ ಭಯವಿರುವುದು ಅದಕ್ಕೆ.

ಕೂತು ಯೋಚಿಸುವುದೆಂದರೇನು ಎಂದು ತಿಳಿಯಲು ನಮ್ಮ ಮೈಸೂರಿನ ಹಿಂದಿನ ದೊರೆಯೊಬ್ಬರನ್ನು ನೋಡಿ. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಸಿದುಕೊಂಡರು. ಅಂಥ ಅವಮಾನ ಕಂಡ ದೊರೆ ಚದುರಂಗದಲ್ಲಿ ಎಷ್ಟು ಆಳಕ್ಕೆ ಇಳಿದಿದ್ದರು ಗೊತ್ತೇ? ಕುದುರೆಯೊಂದನ್ನೇ, ತುಳಿದ ಮನೆಯನ್ನು ಮತ್ತೆ ತುಳಿಯದಂತೆ, 64 ಮನೆಗಳಲ್ಲೂ ನಡೆಸುವ ದಾರಿಗಳನ್ನು ಹುಡುಕಿದರು. ಅದು ಆತುರದವರ ಕೆಲಸವಲ್ಲ. ಜಗನ್ಮೋಹನ ಅರಮನೆಯಲ್ಲಿ ಅವರ ಆಟಗಳ ಚಿತ್ರಗಳಿವೆ. ಹೋಗಿ ನೋಡಿ, ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ?

ವಯಸ್ಸಿನ ಲೆಕ್ಕ ಬಿಡಿ. ವಾರಕ್ಕೊಂದಾದರೂ ನಿಧಾನದ ಆಟ ಆಡಿ, ಎದುರಿಗೆ ಮನುಷ್ಯರನ್ನು ಕೂರಿಸಿಕೊಂಡು. ಮುಟ್ಟಿದ ಕಾಯನ್ನೇ ನಡೆಸಿ. ಪ್ರತಿ ನಡೆಯನ್ನೂ ಬರೆದಿಡಿ. ಸೋತರೆ ಕಂಪ್ಯೂಟರನ್ನು ಕೇಳುವ ಮೊದಲು, ಎಲ್ಲಿ ಎಡವಿದೆವೆಂದು ನೀವೇ ಹುಡುಕಿ, ಆ ನಡೆಯ ಕೆಳಗೆ ಗೆರೆ ಎಳೆಯಿರಿ. ಪರೀಕ್ಷೆಯಿದ್ದರೆ ಓದಿ, ಮುಗಿದ ಮೇಲೆ ಮಣೆಗೆ ಮರಳಿ. ನಿಮ್ಮ ನೋಟ್‌ಬುಕ್ಕನ್ನು ಒಮ್ಮೆ ನನಗೂ ತಂದು ತೋರಿಸಿ.