ಗುಡ್ಡದ ಓಟ

ನ್ಯೂಜಿಲೆಂಡ್ ಭೂಮಧ್ಯರೇಖೆಯ ದಕ್ಷಿಣಕ್ಕಿರುವ ದೇಶ. ಅಲ್ಲಿ ಡಿಸೆಂಬರ್ ಬಂತೆಂದರೆ ಬೇಸಗೆ. ಶಾಲೆಗಳಿಗೆ ರಜೆ, ಮನೆಗಳಲ್ಲಿ ನೆಂಟರಿಷ್ಟರು. 1962–63ರ ಅಂತಹ ಬೇಸಗೆಯಲ್ಲಿ ಅಮೆರಿಕದ ಆರಿಗನ್ ವಿಶ್ವವಿದ್ಯಾನಿಲಯದ ಓಟದ ತರಬೇತುದಾರ ಬಿಲ್ ಬೋವರ್‌ಮನ್ ಆಕ್ಲೆಂಡ್ ನಗರಕ್ಕೆ ಬಂದರು. ಅವರನ್ನು ಬರಮಾಡಿಕೊಂಡ ಆರ್ಥರ್ ಲಿಡಿಯರ್ಡರೂ ತರಬೇತುದಾರರೇ. ಇವರ ಇಬ್ಬರು ಶಿಷ್ಯರು 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ ಸ್ವರ್ಣಪದಕ ಗೆದ್ದಿದ್ದರು.

ಒಂದು ಭಾನುವಾರ ಲಿಡಿಯರ್ಡರು ಮಿತ್ರನನ್ನು ಊರಿನವರೊಡನೆ ಓಡಲು ಕರೆದೊಯ್ದರು. ಹೆಂಗಸರು, ಮಕ್ಕಳು, ವೃದ್ಧರು ಎಲ್ಲರೂ ಆ ಗುಂಪಿನಲ್ಲಿದ್ದರು. ಐವತ್ತು ದಾಟಿದ್ದ ಬೋವರ್‌ಮನ್ನರು ತಮ್ಮ ದೇಹ ದೃಢವಾಗಿದೆಯೆಂದೇ ನಂಬಿದ್ದರು. ಗುಡ್ಡದ ಏರು ಬಂದೊಡನೆ ಏದುಸಿರು ಹತ್ತಿತು! ಎಲ್ಲರೂ ಮುಂದೆ ಸಾಗಿದರು. ಎಪ್ಪತ್ತು ಮೀರಿದ, ಮೂರು ಬಾರಿ ಹೃದಯಾಘಾತಕ್ಕೆ ತುತ್ತಾಗಿದ್ದ ವೃದ್ಧರೊಬ್ಬರು ಮಾತ್ರ ಹಿಂದುಳಿದು, ಅತಿಥಿಯೊಡನೆ ಹರಟುತ್ತ ಓಡಿದರು. ಅತಿಥಿಗೆ ಮರುಮಾತಿಗೂ ಉಸಿರಿರಲಿಲ್ಲ. ಇದಕ್ಕಿಂತ ಸೌಜನ್ಯದ ಸತ್ಕಾರವುಂಟೆ?

ಆ ಗುಂಪಿನ ರಹಸ್ಯವೂ ಮಾತಿನಲ್ಲೇ ಇತ್ತು. ಜೊತೆಯವರೊಡನೆ ಸಲೀಸಾಗಿ ಮಾತನಾಡಬಲ್ಲಷ್ಟು ನಿಧಾನವಾಗಿ ಓಡಬೇಕು. ಮಾತು ತುಂಡಾಗತೊಡಗಿದರೆ ವೇಗವನ್ನು ತಗ್ಗಿಸಬೇಕು, ಇಲ್ಲವೇ ನಡೆಯಬೇಕು. ಹೃದಯ ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ರಜೆಯ ಹುರುಪಿನಲ್ಲಿ ಮೊದಲ ದಿನವೇ ದೂರ ಓಡಿದವರು ಮೂರನೆಯ ದಿನ ಕಾಲು ನೀವಿಕೊಳ್ಳುವುದುಂಟು.

ಬೋವರ್‌ಮನ್ನರು ಅಲ್ಲಿದ್ದಷ್ಟು ದಿನವೂ ಓಡಿದರು. 1963ರಲ್ಲಿ ಊರಿಗೆ ಮರಳಿ ನೆರೆಹೊರೆಯವರನ್ನು ಓಟಕ್ಕೆ ಕರೆದರು. ಹೃದ್ರೋಗತಜ್ಞರೊಬ್ಬರೊಡನೆ ಅವರು ಬರೆದ ‘ಜಾಗಿಂಗ್’ ಎಂಬ ಪುಸ್ತಕ 1967ರಲ್ಲಿ ಹೊರಬಂದು, ಎಂದೂ ಓಡದಿದ್ದ ಅಸಂಖ್ಯರನ್ನು ಬೀದಿಗಿಳಿಸಿತು.